ಗಿಡ್ಡಿಯ ಕಣ್ಣಿನ ಎತ್ತರ

ಭಾನುವಾರ, ಮಧ್ಯಾಹ್ನ

ನನ್ನ ಗಿಡ್ಡಿಗೆ,

ಈ ಹೆಸರಿನಿಂದ ಕರೆದರೆ ನೀನು ಈಗಲೂ ಮೂಗು ಮುರಿಯುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆ ಥರ ಶುರು ಮಾಡಿ ನೋಡಿದೆ. ‘ಪ್ರಿಯ ಪತ್ನಿಗೆ’ ಎಂದು ಬರೆದರೆ ಬ್ಯಾಂಕಿನವರು ಬರೆದಂತೆ ಕಂಡಿತು, ಹರಿದು ಹಾಕಿದೆ. ಫೋನಿನಲ್ಲಂತೂ ನಾವು ಒಬ್ಬರನ್ನೊಬ್ಬರು ಕರೆಯುವುದೇ ಇಲ್ಲ. ಊಟ ಆಯಿತಾ ಎಂದು ನೀನು ಕೇಳುತ್ತೀಯ, ಆಯಿತು ಎಂದು ನಾನು ಹೇಳುತ್ತೇನೆ, ಆಮೇಲೆ ಇಬ್ಬರೂ ಮಗಳ ವಿಷಯಕ್ಕೆ ಹಾರುತ್ತೇವೆ. ಅದು ಮುಗಿದರೆ ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ಎಂಬ ವಿಚಾರ. ನೀರಿನ ವಿಚಾರವೂ ಮುಗಿದ ಮೇಲೆ ನಿನ್ನ ಹಿಂದೆ, ನಿಮ್ಮಕ್ಕನ ಅಂಗಡಿಯಲ್ಲಿ, ಹೊಲಿಗೆ ಮಿಷನ್ನು ಓಡುವ ಸದ್ದು ಕೇಳಿಸುತ್ತದೆ. ಆ ಸದ್ದಿಗಾಗಿಯೇ ನಾನು ಫೋನು ಇಡದೆ ಹಿಡಿದುಕೊಂಡಿರುತ್ತೇನೆ.

ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ. ಮಗಳ ಹೊಸ ಮನೆಯ ಚಿತ್ರ ಬರೆಯಬೇಕಾಗಿದೆ. ಅವಳ ಎಂಜಿನಿಯರ್ ಕೇಳಿದ್ದಾನೆ, ಆದಷ್ಟು ಬೇಗ ಬೇಕಂತೆ. ಹಲಗೆಯ ಮೇಲೆ ಹಾಳೆ ಒದ್ದೆ ಮಾಡಿ ಬಿಗಿದು ಒಣಗಿಸಿ ಇಟ್ಟಿದ್ದೇನೆ. ಮುಂಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿರಬೇಕು. ಅದಕ್ಕೆ ನಿನ್ನ ಕಣ್ಣಿನ ಎತ್ತರ ಬೇಕು. ನೆಲದಿಂದ ಕಣ್ಣಿನವರೆಗೆ, ಚಪ್ಪಲಿ ಬಿಟ್ಟು ನಿಂತು. ಟೇಪು ಹೇಗೂ ಸದಾ ನಿನ್ನ ಕೊರಳಲ್ಲೇ ಇರುತ್ತದೆ. ಊರಿನ ಜನರನ್ನೆಲ್ಲ ಅಳೆಯುವವಳು ನೀನು, ಇದೊಂದು ಸಲ ನಿಮ್ಮಕ್ಕನ ಕೈಯಲ್ಲಿ ನಿನ್ನನ್ನು ಅಳೆಸಿಕೊಂಡು ಒಂದೇ ಸಾಲು ಬರೆದು ಕಳಿಸು. ಅಷ್ಟೇ ವಿಷಯ.

ಇಷ್ಟಕ್ಕೆ ಕಾಗದ ಯಾಕೆ, ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀಯ. ಕೇಳಿದ್ದರೆ ನೀನು ಯಾಕೆ ಎಂದು ಕೇಳುತ್ತಿದ್ದೆ. ಆ ಯಾಕೆಗೆ ಉತ್ತರ ಸ್ವಲ್ಪ ಉದ್ದವಿದೆ, ಎದುರಿಗೆ ಉಸಿರಾಡುವವರು ಇದ್ದರೆ ನನ್ನ ಬಾಯಿಂದ ಅದು ಹೊರಡುವುದಿಲ್ಲ.

ಪ್ಲಾನನ್ನು ನಿನಗೂ ಕಳಿಸಿರುವುದಾಗಿ ಮಗಳು ಹೇಳಿದಳು. ಹಿಂಭಾಗದಲ್ಲಿ ನಮಗೆಂದು ಇಟ್ಟಿರುವ ಕೋಣೆಯನ್ನು ನೋಡಿರುತ್ತೀಯ. ಅಪ್ಪನಿಗೆ ಬಣ್ಣ ನೋಡಲು ಸ್ಥಿರವಾದ ಬೆಳಕು ಬೇಕು ಎಂದು ಉತ್ತರಕ್ಕೆ ಎತ್ತರದ ಕಿಟಕಿ ಇಟ್ಟಿದ್ದಾಳೆ. ಪೂರ್ವದ ಮೂಲೆಯಲ್ಲಿ ತಗ್ಗಿನ ಕಿಟಕಿ, ಅದು ನಿನ್ನ ಮಿಷನ್ನಿಗೆ. ನಡುವೆ ಒಂದು ಚುಕ್ಕಿ ಗೆರೆ. ಅಲ್ಲಿ ಗೋಡೆ ಎದ್ದರೆ ಎರಡು ಕೋಣೆ, ಇಲ್ಲದಿದ್ದರೆ ಒಂದೇ ಕೋಣೆ. ಇದನ್ನು ಅಪ್ಪ ಅಮ್ಮ ನೀವೇ ಮಾತಾಡಿಕೊಂಡು ಹೇಳಿ, ಮೇಸ್ತ್ರಿ ಪಾಯ ಮುಗಿಸಿ ಗೋಡೆಗೆ ಕೈ ಹಾಕುವುದರೊಳಗೆ ಗೊತ್ತಾಗಬೇಕು ಎಂದಳು. ನಮ್ಮ ಮಗಳಲ್ಲವೇ, ಅವಳಿಗೂ ನೇರವಾಗಿ ಕೇಳಲು ಬಾರದು. ನೀವಿಬ್ಬರೂ ಇನ್ನು ಮುಂದೆ ಒಟ್ಟಿಗೆ ಇರುತ್ತೀರಾ ಎಂದು ಬಾಯಿಬಿಟ್ಟು ಕೇಳಲಾರದೆ ಚುಕ್ಕಿ ಹಾಕಿ ಕಳಿಸಿದ್ದಾಳೆ. ನನಗೆ ಎರಡೂ ಒಂದೇ, ಅಮ್ಮ ಹೇಗೆ ಹೇಳುತ್ತಾಳೋ ಹಾಗೆ ಮಾಡು ಎಂದು ಹೇಳಿದ್ದೇನೆ.

ಈಗ ಆ ಯಾಕೆಯ ವಿಷಯಕ್ಕೆ ಬರುತ್ತೇನೆ.

ದೊಡ್ಡ ಗಡಿಯಾರದಂಗಡಿಯ ಯಜಮಾನರು ನಿನಗೆ ನೆನಪಿದ್ದಾರೆಯೇ? ನನ್ನಷ್ಟೇ ಎತ್ತರದ ಆಸಾಮಿ. ಅವರ ಅಂಗಿಗೆ ಬಟ್ಟೆ ಸಾಲುವುದಿಲ್ಲ ಎಂದು ನೀನು ಗೊಣಗುತ್ತಿದ್ದೆ. ಅವರು ಈಚೆಗೆ ಹೊಸ ಮನೆ ಕಟ್ಟಿಸಿದರು. ಈಗಿನ ಎಂಜಿನಿಯರ್‌ಗಳೆಲ್ಲ ಕಂಪ್ಯೂಟರಿನಲ್ಲೇ ಚಿತ್ರ ತೆಗೆದು ಕೊಡುತ್ತಾರೆ, ನನ್ನನ್ನು ಕರೆಯುವವರು ಅಪರೂಪ. ಇವರು ಮಾತ್ರ ಹಟ ಹಿಡಿದು, ಮನೆ ಏಳುವ ಮೊದಲು ಹೇಗೆ ಕಾಣುತ್ತದೆಂದು ಡ್ರಾಯಿಂಗ್ ಮೇಷ್ಟ್ರ ಕೈಯಿಂದಲೇ ಚಿತ್ರ ಬರೆಸಿಕೊಂಡರು. ಚೆನ್ನಾಗಿ ಬಂದಿತ್ತು. ಬಾಗಿಲ ಮೇಲೆ ಬೆಳಗಿನ ಬಿಸಿಲು ಬೀಳಿಸಿದ್ದೆ. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಗಡಿಯಾರಗಳ ನಡುವೆ ತೂಗುಹಾಕಿದ್ದರು.

ಮನೆ ಮುಗಿದು ಅವರು ಅಲ್ಲಿಗೆ ಹೋದ ಮೇಲೆ ಒಂದು ದಿನ, ನಾನು ಏಳನೇ ತರಗತಿಗೆ ಪಾಠ ಮಾಡುತ್ತಿರುವಾಗ, ಆ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಸೀದಾ ತರಗತಿಯೊಳಗೆ ಬಂದರು. ಮಕ್ಕಳಿಗೆ ಹಬ್ಬವಾಯಿತು. ಯಜಮಾನರು ಚಿತ್ರವನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು:

“ಮೇಷ್ಟ್ರೇ, ಈ ಚಿತ್ರದಲ್ಲಿರೋ ಮನೆ ಎಲ್ಲಿ? ನಂಗೆ ಕಟ್ಟಿಕೊಟ್ಟಿರೋದು ಇದರ ತಮ್ಮನ್ನ.”

ಮಕ್ಕಳು ನಕ್ಕರು, ನಾನೂ ನಕ್ಕೆ, ಅವರು ನಗಲಿಲ್ಲ. ಚಿತ್ರದಲ್ಲಿ ಬಾಗಿಲು ಅರಮನೆಯದರಂತಿದೆ, ನಿಜದಲ್ಲಿ ತಲೆ ತಗ್ಗಿಸಬೇಕೇನೋ ಅನ್ನಿಸುತ್ತದೆ, ಎಂಜಿನಿಯರ್ ಎಲ್ಲೋ ಮೋಸ ಮಾಡಿದ್ದಾನೆ, ಇಲ್ಲವೇ ನೀವು ನನ್ನನ್ನು ಉಬ್ಬಿಸಲು ಬಣ್ಣ ಕಟ್ಟಿದ್ದೀರಿ ಎಂದರು. ಬಣ್ಣ ಕಟ್ಟಿದ್ದೀರಿ ಎಂಬ ಮಾತು ನನಗೆ ಚುಚ್ಚಿತು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಇಷ್ಟು ವರ್ಷ ಕಟ್ಟಡದ ಚಿತ್ರ ಬರೆದೆ, ಒಂದೇ ಒಂದು ಮೆಟ್ಟಿಲನ್ನೂ ಹೆಚ್ಚಿಗೆ ಹಾಕಿದವನಲ್ಲ. ಸಂಜೆ ಬಂದು ಅಳೆದು ತೋರಿಸುತ್ತೇನೆ ಎಂದೆ.

ಸಂಜೆ ಹೋದೆ. ಎಂಜಿನಿಯರನ್ನೂ ಕರೆಸಿದ್ದರು. ಪಾಪ, ಅವನ ಮುಖ ಸಪ್ಪಗಾಗಿತ್ತು. ಪ್ಲಾನು ಹಿಡಿದು ಬಾಗಿಲು, ಕಿಟಕಿ, ಸಜ್ಜಾ ಎಲ್ಲವನ್ನೂ ಅಳೆದೆವು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚಿತ್ರದ ಲೆಕ್ಕವನ್ನೂ ತಾಳೆ ನೋಡಿದೆ, ಅದೂ ಸರಿಯಿತ್ತು. ಆದರೂ ರಸ್ತೆಯ ಆಚೆ ನಿಂತು ಒಮ್ಮೆ ಚಿತ್ರ, ಒಮ್ಮೆ ಮನೆ ನೋಡಿದರೆ ಯಜಮಾನರ ಮಾತೇ ನಿಜ. ಚಿತ್ರದ ಬಾಗಿಲು ಬಾ ಎಂದು ಕೈ ಎತ್ತಿ ಕರೆಯುತ್ತಿತ್ತು. ನಿಜದ ಬಾಗಿಲು ಸುಮ್ಮನೆ ಬಾಗಿಲಾಗಿತ್ತು.

ಅಷ್ಟರಲ್ಲಿ ಯಜಮಾನರ ತಾಯಿ ಗೇಟು ತೆಗೆದು ನಮ್ಮ ಹತ್ತಿರ ಬಂದರು. ವಯಸ್ಸಾದವರು, ಸಣ್ಣ ಆಳು, ನಿನಗಿಂತ ಒಂದಿಷ್ಟೂ ಎತ್ತರವಿಲ್ಲ. ಗಂಡಸರು ನಡುಬೀದಿಯಲ್ಲಿ ಏನು ಜಗಳವಾಡುತ್ತಿದ್ದೀರಿ ಎಂದು ಕೇಳಿ, ಚಿತ್ರವನ್ನು ನೋಡಿ, ತಿರುಗಿ ಮನೆಯನ್ನು ನೋಡಿದರು.

“ಸರಿಯಾಗೇ ಇದೆಯಲ್ಲೋ. ಚಿತ್ರದಲ್ಲಿ ಹೇಗಿದೆಯೋ ನಂಗೆ ಹಾಗೇ ಕಾಣ್ತಿದೆ.”

ನಾನು ಅವರ ಪಕ್ಕಕ್ಕೆ ಹೋಗಿ ನನ್ನ ಕಣ್ಣು ಅವರ ಕಣ್ಣಿನ ಮಟ್ಟಕ್ಕೆ ಬರುವಷ್ಟು ಮಂಡಿ ಬಗ್ಗಿಸಿದೆ. ಬಾಗಿಲು ಮೇಲೆದ್ದಿತು ಗಿಡ್ಡಿ. ಚಿತ್ರದಲ್ಲಿ ಇದ್ದ ಹಾಗೆಯೇ. ನನ್ನನ್ನು ನೋಡಿ ಎಂಜಿನಿಯರೂ ಬಗ್ಗಿದ. ಕೊನೆಗೆ ಯಜಮಾನರೂ ಗೊಣಗಿಕೊಂಡು ಬಗ್ಗಿದರು. ಮೂವರು ಬೆಳೆದ ಗಂಡಸರು ರಸ್ತೆಯಲ್ಲಿ ಅರ್ಧ ಕುಕ್ಕರುಗಾಲಿನಲ್ಲಿ ಕೂತು ಒಂದು ಬಾಗಿಲನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆವು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಇಳಿದು, ಏನೋ ಇರಬೇಕು ಎಂದು ತಾನೂ ಬಗ್ಗಿ ನೋಡಿ ಹೋದ. ಹಾಗಾದರೆ ನಾನು ಸಾಯುವ ತನಕ ನನ್ನ ಮನೆಗೆ ಬಗ್ಗಿಕೊಂಡೇ ಬರಬೇಕೇನು ಮೇಷ್ಟ್ರೇ ಎಂದು ಯಜಮಾನರು ಕೇಳಿದಾಗ ಆ ತಾಯಿ ನಕ್ಕದ್ದೇ ನಕ್ಕದ್ದು. ಆ ಚಿತ್ರ ಈಗ ಆ ತಾಯಿಯ ಕುರ್ಚಿಯ ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ತೂಗುತ್ತಿದೆ. ನಾನೇ ಮೊಳೆ ಹೊಡೆದು ಬಂದೆ.

ಹೊರಡುವಾಗ ಎಂಜಿನಿಯರ್ ನನ್ನ ಜೊತೆ ತಿರುವಿನವರೆಗೆ ಬಂದ. ಮೇಲಿಂದ ಕೆಳಗೆ ನನ್ನನ್ನೊಮ್ಮೆ ನೋಡಿದ.

“ನೀವು ಇಷ್ಟು ಎತ್ತರ ಇದ್ದೀರಿ ಮೇಷ್ಟ್ರೇ. ಇದು ಯಾರ ಕಣ್ಣು?”

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ಮೇಷ್ಟ್ರ ಚಾಳಿ, ಸಹಿಸಿಕೋ. ಕಟ್ಟಡದ ಚಿತ್ರಕ್ಕೆ ಮೊಟ್ಟಮೊದಲು ಎಳೆಯುವುದು ಅಡ್ಡಗೆರೆ. ನೋಡುವವರ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಲ್ಲಿ ಆ ಗೆರೆ. ನಾನು ಅದನ್ನು ಕಣ್ಣಿನ ಗೆರೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಗೋಡೆ, ಸೂರು, ಮೆಟ್ಟಿಲು ಎಲ್ಲವೂ ಆ ಗೆರೆಯತ್ತಲೇ ಓಡುತ್ತವೆ. ಗೆರೆ ಕೆಳಗಿದ್ದರೆ ಬಾಗಿಲು ಎತ್ತರವಾಗಿ ಕಾಣುತ್ತದೆ. ನನ್ನ ಗೆರೆಗೆ ನಾನು ಯೋಚನೆ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ನನ್ನ ಹಳೆಯ ಅಳತೆಯ ಕೋಲು ನಿಲ್ಲಿಸಿ, ಕಣ್ಣಿನ ಮಟ್ಟಕ್ಕೆಂದು ಅದರ ಮೇಲೆ ಹಾಕಿದ್ದ ಕಚ್ಚು ನೋಡಿ ಗೆರೆ ಎಳೆದುಬಿಡುತ್ತಿದ್ದೆ. ಮಕ್ಕಳಿಗೂ ಅದೇ ಕೋಲಿನಿಂದ ಕಲಿಸಿದೆ. ಏಳನೇ ತರಗತಿಯ ಮಕ್ಕಳ ಕಣ್ಣು ಸರಿಯಾಗಿ ಆ ಕಚ್ಚಿನ ಮಟ್ಟಕ್ಕೇ ಬರುತ್ತದೆ. ಹಾಗಾಗಿ ಇಷ್ಟು ವರ್ಷ ಒಂದು ಮಗುವೂ ಎದ್ದು ನಿಂತು ಸಾರ್ ಇದು ತಪ್ಪು ಎನ್ನಲಿಲ್ಲ.

ಮನೆಗೆ ಬಂದು ಕೋಲು ಹಿಡಿದು ಕೂತೆ. ಆಮೇಲೆ ಎದ್ದು, ಬಾಗಿಲ ಪಕ್ಕದ ಗೋಡೆಯ ಕ್ಯಾಲೆಂಡರನ್ನು ತೆಗೆದೆ. ಸುಣ್ಣ ಹೊಡೆಯುವವರು ಬಂದಾಗಲೆಲ್ಲ ಆ ಕ್ಯಾಲೆಂಡರನ್ನು ಮುಟ್ಟಬೇಡಿ, ಸುತ್ತಲೂ ಹೊಡೆಯಿರಿ ಎಂದು ಹೇಳುತ್ತಿದ್ದದ್ದು ನೀನು. ನೀನು ಹೋದ ಮೇಲೆ ನಾನೂ ಹಾಗೇ ಹೇಳುತ್ತಾ ಬಂದೆ, ಯಾಕೆಂದು ಕೇಳಿಕೊಳ್ಳದೆ. ಕ್ಯಾಲೆಂಡರಿನ ಹಿಂದೆ ಹಳೆಯ ಸುಣ್ಣದ ಮೇಲೆ ಪೆನ್ಸಿಲಿನ ಒಂದು ಅಡ್ಡಗೆರೆ ಇದೆ. ಕೋಲನ್ನು ಗೋಡೆಗೆ ತಾಗಿಸಿ ನಿಲ್ಲಿಸಿದೆ. ಕಚ್ಚು ಆ ಗೆರೆಯ ಮೇಲೇ ಕೂತಿತು.

ನಾವು ಈ ಕೋಣೆಗೆ ಬಂದ ಮೊದಲ ವಾರ ನಿನಗೆ ಜ್ಞಾಪಕವಿದೆಯೇ? ನನಗೆ ಮೊದಲ ದೊಡ್ಡ ಕೆಲಸ ಸಿಕ್ಕಿತ್ತು, ಆಸ್ಪತ್ರೆಯ ಹೊಸ ಕಟ್ಟಡದ್ದು. ಕಣ್ಣಿನ ಗೆರೆಗೆ ಒಂದು ಕೋಲು ಮಾಡಿಕೊಳ್ಳಬೇಕಾಗಿತ್ತು. ಗೋಡೆಗೆ ಬೆನ್ನು ಕೊಟ್ಟು ನಿಂತೆ. ನನ್ನ ಕಣ್ಣು ಎಲ್ಲಿದೆ ಎಂದು ನಾನೇ ಗುರುತು ಹಾಕಿಕೊಳ್ಳಲು ಬರುವುದಿಲ್ಲ. ನೀನು ಪೆನ್ಸಿಲು ಹಿಡಿದು ತುದಿಗಾಲಲ್ಲಿ ನಿಂತೆ, ನೆಗೆದೆ, ನನ್ನ ಗದ್ದಕ್ಕೆ ಗೀರು ಎಳೆದೆ. ಕಣ್ಣಿನವರೆಗೆ ನಿನ್ನ ಕೈ ನೆಟ್ಟಗೆ ಬರಲಿಲ್ಲ. ಮನೆಯಲ್ಲಿ ಒಂದು ಸ್ಟೂಲೂ ಇರಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಸದ್ಯಕ್ಕೆ ನಿನ್ನದೇ ಇರಲಿ, ಸ್ಟೂಲು ತಂದ ಮೇಲೆ ಸರಿಪಡಿಸೋಣ ಎಂದು ನಿನ್ನನ್ನು ಗೋಡೆಗೆ ನಿಲ್ಲಿಸಿ ಗೆರೆ ಎಳೆದೆ, ಕೋಲಿಗೆ ಕಚ್ಚು ಹಾಕಿದೆ. ಅವತ್ತೇ ನಿನಗೆ ಗಿಡ್ಡಿ ಎಂದು ಹೆಸರಾಯಿತು, ನನಗೆ ಕಂಬ ಎಂದು. ಆಮೇಲೆ ಸ್ಟೂಲು ಬಂತು, ಮಗಳು ಬಂದಳು, ನಿನ್ನ ಮಿಷನ್ನು ಬಂತು, ಶಾಲೆಯ ಕೆಲಸ ಖಾಯಂ ಆಯಿತು. ಕಚ್ಚು ಮಾತ್ರ ಹಾಗೇ ಉಳಿಯಿತು.

ಅಂದರೆ ಆಸ್ಪತ್ರೆ, ಗ್ರಂಥಾಲಯ, ಚಿತ್ರಮಂದಿರ, ಬ್ಯಾಂಕು, ಅಷ್ಟೊಂದು ಮನೆಗಳು, ಎಲ್ಲವನ್ನೂ ನಾನು ನಿನ್ನ ಕಣ್ಣಿನಿಂದ ನೋಡಿ ಬರೆದಿದ್ದೇನೆ. ಚಿತ್ರ ನೋಡಿದವರೆಲ್ಲ ತಮಗೆ ಗೊತ್ತಿಲ್ಲದೆ ನೀನು ನಿಲ್ಲುವ ಜಾಗದಲ್ಲಿ ನಿಂತು ನೋಡಿದ್ದಾರೆ.

ಈಗ ನಿನ್ನ ಆ ಹಳೆಯ ಪ್ರಶ್ನೆ. ಶಾಲೆಯ ದೊಡ್ಡ ಹಾಲಿನಲ್ಲಿ ನನ್ನ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟಿದ್ದಾಗ ನೀನು ಹೊಸದಾಗಿ ಹೊಲಿದ ನೀಲಿ ಉಡುಪು ತೊಟ್ಟು ಬಂದಿದ್ದೆ. ಮುಖ್ಯೋಪಾಧ್ಯಾಯಿನಿ ನಿನ್ನನ್ನು ಮಾತಾಡಿಸಲು ಬಂದರೂ ನಿಲ್ಲದೆ, ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಒಂದೊಂದರ ಮುಂದೂ ನಿಂತು ಹುಡುಕುವವಳಂತೆ ನೋಡಿದೆ. ಮನೆಗೆ ಬರುವ ದಾರಿಯಲ್ಲಿ ನೀನು ಕೇಳಿದೆ:

“ರೀ, ಇಷ್ಟೊಂದು ಜನಾನ ಬರೆದಿದ್ದೀರಲ್ಲ. ಪೋಸ್ಟಿನವನಿದ್ದಾನೆ, ನಾಯಿ ಇದೆ, ಬಲೂನು ಮಾರೋನಿದ್ದಾನೆ. ನಾನೆಲ್ಲಿ?”

ನೀನು ಕಟ್ಟಡವಲ್ಲವಲ್ಲ ಎಂದು ನಾನು ಹಾಸ್ಯ ಮಾಡಿದೆ. ನೀನು ನಕ್ಕೆ. ಮನೆಗೆ ಬಂದು ಅಡುಗೆ ಮಾಡಿದೆ. ಸ್ವಲ್ಪ ದಿನ ಬಿಟ್ಟು, ಅಕ್ಕನಿಗೆ ಅಂಗಡಿಯಲ್ಲಿ ಕೈ ಸಾಲುತ್ತಿಲ್ಲ, ಹೋಗಿ ಬರುತ್ತೇನೆ ಎಂದು ಹೊರಟೆ. ಆಮೇಲೆ ಮಿಷನ್ನನ್ನೂ ತರಿಸಿಕೊಂಡೆ. ನಾವು ಜಗಳವಾಡಲೇ ಇಲ್ಲ. ಆಡಿದ್ದರೆ ರಾಜಿಯಾಗಲು ಏನಾದರೂ ಇರುತ್ತಿತ್ತು. ಯಾರಾದರೂ ಕೇಳಿದರೆ ನೀನು ಅಕ್ಕನ ಊರಿಗೆ ಹೋಗಿದ್ದೀಯ ಎನ್ನುತ್ತೇನೆ, ನಿನ್ನೆ ಹೋದವಳ ಹಾಗೆ.

ನೋಡುವವರು ತಾವು ನೋಡುವ ಚಿತ್ರದೊಳಗೆ ಇರಲು ಬರುವುದಿಲ್ಲ ಗಿಡ್ಡಿ. ಇದು ಸಬೂಬಲ್ಲ, ಪಾಠ. ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ಇದಾಗಿತ್ತು, ನನಗೇ ಗೊತ್ತಿರಲಿಲ್ಲ. ಬೇಕೆಂದೇ ನಿನ್ನ ಕಣ್ಣನ್ನು ಇಟ್ಟುಕೊಂಡೆ ಎಂದು ಬೊಗಳೆ ಬಿಡುವುದಿಲ್ಲ. ಅದು ಬರೀ ಮರೆವು, ಸೋಮಾರಿತನ, ಸ್ಟೂಲಿಲ್ಲದ್ದರಿಂದ ಆದದ್ದು. ಆದರೆ ಕಚ್ಚು ತಪ್ಪಾಗಿದ್ದರೆ ಒಂದಲ್ಲ ಒಂದು ದಿನ ನನಗೆ ಚುಚ್ಚಬೇಕಿತ್ತಲ್ಲ? ಚುಚ್ಚಲಿಲ್ಲ. ಲೋಕ ಹೀಗೇ ಕಾಣುತ್ತದೆ, ಹೀಗೇ ಕಾಣಬೇಕು ಎಂದುಕೊಂಡಿದ್ದೆ. ನಾನು ನನ್ನ ಎತ್ತರದಿಂದ ನೋಡುವ ಊರು ನನಗೆ ಅಷ್ಟೇನೂ ಇಷ್ಟವಿಲ್ಲ ಎಂದು ಈಗ ತಿಳಿಯುತ್ತಿದೆ. ಎಲ್ಲರ ನೆತ್ತಿ ಕಾಣುತ್ತದೆ, ಬಾಗಿಲುಗಳು ಹಣೆಗೆ ಬಡಿಯುತ್ತವೆ.

ಇಲ್ಲಿ ನಾನು ಹೇಗಿದ್ದೇನೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಹಾಳೆ ಕತ್ತರಿಸಲು ಈಗ ನನಗೆ ಅಳತೆಪಟ್ಟಿ ಬೇಕು. ನೀನು ಗೆರೆಯನ್ನೇ ಎಳೆಯದೆ ದೊಡ್ಡ ಕತ್ತರಿ ಓಡಿಸಿ ದಾರದಷ್ಟು ನೆಟ್ಟಗೆ ಕತ್ತರಿಸಿಕೊಡುತ್ತಿದ್ದೆ. ನಿನ್ನ ಮಿಷನ್ನಿದ್ದ ಜಾಗದಲ್ಲಿ ಅದರ ಕಾಲಿನ ಗುರುತುಗಳು ನೆಲದಲ್ಲಿ ಹಾಗೇ ಇವೆ. ಅಲ್ಲಿ ಮೇಜು ಹಾಕಿಕೊಳ್ಳಿ, ಬೆಳಕು ಚೆನ್ನಾಗಿದೆ ಎಂದು ಮಗಳು ಬಂದಾಗಲೆಲ್ಲ ಹೇಳುತ್ತಾಳೆ. ಹಾಕಿಕೊಂಡಿಲ್ಲ. ಮೊನ್ನೆ ಕಸ ಗುಡಿಸುವಾಗ ಮಂಚದ ಕೆಳಗಿನಿಂದ ಹಸಿರು ದಾರದ ಉಂಡೆಯೊಂದು ಉರುಳಿ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಮೇಲೆ ಕೂತೆ, ಶಾಲೆಗೆ ತಡವಾಯಿತು. ಮುಖ್ಯೋಪಾಧ್ಯಾಯಿನಿ ಯಾಕೆ ತಡ ಎಂದು ಕೇಳಿದಾಗ ದಾರ ಸಿಕ್ಕಿತು ಎಂದೆ. ಈ ಮನುಷ್ಯನಿಗೆ ನಿವೃತ್ತಿ ಹತ್ತಿರವಾಯಿತು ಎನ್ನುವ ಹಾಗೆ ನೋಡಿದರು.

ನೀನು ಬೇಕು ಎಂದು ನಾನು ಯಾವತ್ತೂ ಹೇಳಲಿಲ್ಲ. ಹೇಳಬೇಕಾದದ್ದೆಂದು ಅನ್ನಿಸಲೇ ಇಲ್ಲ, ಗೋಡೆಗೆ ನೀನು ನನಗೆ ಬೇಕು ಎಂದು ಯಾರು ಹೇಳುತ್ತಾರೆ? ಈಗ ಹೇಳುತ್ತಿದ್ದೇನೆ. ಮೆಟ್ಟಿಲ ಮೇಲೆ ಯಾರದೇ ಹೆಜ್ಜೆ ಕೇಳಿದರೂ ಬ್ರಷ್ಷು ಕೆಳಗಿಡುತ್ತೇನೆ. ಹೆಜ್ಜೆ ಮೇಲಿನ ಮನೆಗೆ ಹೋಗುತ್ತದೆ. ಅಷ್ಟರಲ್ಲಿ ಬಣ್ಣ ಒಣಗಿ ಅಂಚು ಕಟ್ಟಿರುತ್ತದೆ.

ಮಗಳ ಮನೆಯ ಚಿತ್ರದಲ್ಲಿ ನೀನು ಬಾಗಿಲಲ್ಲಿ ನಿಂತಿರಬೇಕು. ಬಲೂನು ಮಾರುವವನೂ ಬೇಡ, ನಾಯಿಯೂ ಬೇಡ. ನೀಲಿ ಉಡುಪು ನನಗೆ ನೆನಪಿದೆ, ಕೊರಳಪಟ್ಟಿಯ ಹೊಲಿಗೆ ಸಮೇತ. ಎತ್ತರ ಮಾತ್ರ ಗೋಡೆಯ ಗೆರೆಯಿಂದ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಅದು ಮದುವೆಯಾದ ಹೊಸತರ ಹುಡುಗಿಯ ಎತ್ತರ. ಈಗಿನ ನಿನ್ನದು ಬೇಕು. ದಿನವಿಡೀ ಮಿಷನ್ನಿನ ಮೇಲೆ ಬಗ್ಗಿ ಬೆನ್ನು ನೋಯುತ್ತದೆ ಎಂದು ಮಗಳು ಹೇಳುತ್ತಿದ್ದಳು. ಒಂದು ಬೆರಳಿನಷ್ಟು ತಗ್ಗಿರಬಹುದು. ತಗ್ಗಿದ್ದರೂ ಪರವಾಗಿಲ್ಲ, ಸುಳ್ಳು ಅಳತೆ ಕೊಡಬೇಡ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನನ್ನ ಮೇಲೆ ಅವರಿಗೆ ಇರುವ ಸಿಟ್ಟು ನ್ಯಾಯವಾದದ್ದೇ, ಹಾಗೇ ಇಟ್ಟುಕೊಳ್ಳಲಿ. ಬೆನ್ನಿಗೆ ಬಿಸಿನೀರು ಹಾಕಿಕೋ. ಸಂಜೆ ಬೆಳಕು ಕಡಿಮೆಯಾದ ಮೇಲೆ ಕಪ್ಪು ಬಟ್ಟೆ ಹೊಲಿಯಬೇಡ.

ಇಷ್ಟು ವರ್ಷ ನಿನ್ನ ಕಣ್ಣನ್ನು ಕೇಳದೆ ತೆಗೆದುಕೊಂಡು, ಈಗ ಕೇಳಿಕೊಂಡು ಬರೆಯುತ್ತಿರುವ,

ನಿನ್ನ ಕಂಬ

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಎಂಜಿನಿಯರ್ ಚಿತ್ರ ಕೇಳಿದ್ದಾನೆ ಎಂದು ಬರೆದೆನಲ್ಲ, ಅದು ಸುಳ್ಳು. ಮಗಳ ಮನೆಯ ಚಿತ್ರ ಕಂಪ್ಯೂಟರಿನಲ್ಲಿ ಆಗಲೇ ಆಗಿದೆ, ಆಕಾಶದಿಂದ ಹದ್ದು ನೋಡಿದ ಹಾಗಿದೆ. ನನ್ನ ಚಿತ್ರವನ್ನು ಯಾರೂ ಕೇಳಿಲ್ಲ. ಚುಕ್ಕಿ ಗೆರೆಯ ವಿಷಯದಲ್ಲಿ ನನಗೆ ಎರಡೂ ಒಂದೇ ಎಂದದ್ದೂ ಸುಳ್ಳು. ಗೋಡೆ ಬೇಡ ಎಂದು ನಾನು ಮಗಳಿಗೆ ಹೇಳಿ ಆಗಿದೆ. ಅಮ್ಮ ಹೇಳುವ ತನಕ ಮೇಸ್ತ್ರಿಯನ್ನು ತಡೆದಿರುತ್ತೇನೆ ಎಂದಳು.

ಇನ್ನೊಂದು. ಹಾಳೆ ಇನ್ನೂ ಖಾಲಿ ಇದೆ, ಮೊದಲ ಗೆರೆಯನ್ನೂ ಎಳೆದಿಲ್ಲ. ನೀನು ಚಿತ್ರದೊಳಗೆ ಇರಬೇಕಾದರೆ ಅದನ್ನು ನಾನು ನನ್ನ ಕಣ್ಣಿನಿಂದಲೇ ನೋಡಿ ಬರೆಯಬೇಕು. ನನ್ನ ಕಣ್ಣು ಎಲ್ಲಿದೆ ಎಂದು ಗುರುತು ಹಾಕಲು ನನಗೆ ಈಗಲೂ ಬರುವುದಿಲ್ಲ. ಅಳತೆ ಬರೆದು ಕಳಿಸಬೇಡ. ಸ್ಟೂಲನ್ನು ಒರೆಸಿ ಗೋಡೆಯ ಹತ್ತಿರ ಇಟ್ಟಿದ್ದೇನೆ.